ಗಣಿತಸಾರದ ಮಹಾವೀರಾಚಾರ್ಯರು

ಮಾನ್ಯಖೇಟದಿಂದ ಆಳಿದ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಬಾಳಿದ ಮಹಾವೀರಾಚಾರ್ಯರು ಜೈನ ಗಣಿತಪರಂಪರೆಯ ಮುಕುಟಮಣಿ. ಗ್ರಂಥಾರಂಭದಲ್ಲಿ ಭಗವಾನ್ ಮಹಾವೀರರಿಗೆ ನಮಿಸಿ, ಅರಸನನ್ನು ಕೊಂಡಾಡಿ, ತಮ್ಮ ಕುಲಗೋತ್ರಗಳ ವಿಷಯದಲ್ಲಿ ಮೌನ ತಾಳಿದ ಈ ಮಹನೀಯರ ಚರಿತ್ರೆಯೆಂದರೆ ಅವರ ಸಂಸ್ಕೃತ ಕೃತಿಯಾದ ಗಣಿತಸಾರಸಂಗ್ರಹವೇ.

ಆಚಾರ್ಯರ ಬೋಧನಕ್ರಮವು ಮನನೀಯವಾದುದು. ಕ್ಷೇತ್ರ, ಕಾಲ, ಧಾನ್ಯ, ಸುವರ್ಣ, ರಜತ, ಲೋಹಗಳ ಮಾನಗಳನ್ನು ಮೊದಲ ಅಧ್ಯಾಯದಲ್ಲಿ ಅರುಹಿದ ಬಳಿಕವೇ ಅವರು ಶಿಷ್ಯನನ್ನು ಗುಣಾಕಾರಕ್ಕೆ, ಅನಂತರ ಭಾಗಾಕಾರಕ್ಕೆ ಕರೆದೊಯ್ಯುತ್ತಾರೆ. ಮಾನವನ್ನರಿಯದೆ ಗುಣಿಸಿದವನಿಗೆ ಸಂಖ್ಯೆ ದೊರೆತೀತು. ಅದು ಯಾವ ವಸ್ತುವಿನದೆಂಬ ಅರಿವು ದೊರೆಯದು.

ಗುಣಾಕಾರದ ಮೊದಲ ಉದಾಹರಣೆಯನ್ನು ಅವರು ಪೂಜೆಯಿಂದಲೇ ಆಯ್ದರು. ಒಂದೊಂದು ಜಿನಾಲಯಕ್ಕೆ 8 ಕಮಲಗಳಂತೆ 144 ಜಿನಾಲಯಗಳಿಗೆ ಅರ್ಪಿಸಿದ ಕಮಲಗಳನ್ನು ಶಿಷ್ಯನು ಎಣಿಸಬೇಕು. ಉತ್ತರ 1152. ಇಲ್ಲಿ ಕೂಡಿಬಂದುವು ಕಮಲ, ಆಲಯಗಳೆಂಬ ಎರಡು ಬಗೆಯ ಎಣಿಕೆಗಳು, ಫಲವಾದರೋ ಕಮಲಗಳೇ. ಭಾಗಾಕಾರದಲ್ಲಿ 8192 ದೀನಾರಗಳನ್ನು 64 ಜನರಿಗೆ ಸಮನಾಗಿ ಹಂಚಬೇಕು. ಬರುವ 128 ಒಬ್ಬನ ಪಾಲು. ಹೀಗೆ ಗುಣಾಕಾರವು ದಾನವನ್ನೂ, ಭಾಗಾಕಾರವು ಸಮತೆಯನ್ನೂ ಒಡನೆಯೇ ಕಲಿಸಿದುವು.

11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಈ ಕೃತಿಯನ್ನು ತೆಲುಗಿಗೆ ತಂದನು. 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಬೆಳಕಿಗೆ ತಂದರು. 2000ದಲ್ಲಿ ಹೊಂಬುಜದ ಜೈನಮಠದಿಂದ ಕನ್ನಡಾನುವಾದವೂ ಪ್ರಕಟವಾಯಿತು.

ಬಸದಿಯಲ್ಲಿ ಹೂವೆಣಿಸುವ ಮಗುವಿಗೆ ಆ ಲೆಕ್ಕದ ಮರ್ಮವನ್ನು ತಿಳಿಸಿಕೊಡುವುದೇ ಆಚಾರ್ಯರಿಗೆ ಸಲ್ಲುವ ನಿಜವಾದ ಅರ್ಘ್ಯ.