ಸಂವಿಧಾನ ಸಭೆಯಲ್ಲಿ ಒಬ್ಬ ಧರ್ಮಗುರು: ವಂದನೀಯ ಜೆರೋಮ್ ಡಿಸೋಜರ ಜೀವನ

ಧರ್ಮಗುರುವಿಗೆ ರಾಜಕಾರಣ ಸಲ್ಲುವುದೇ ಎಂಬ ಪ್ರಶ್ನೆ ಕ್ರೈಸ್ತ ಸಮಾಜದಷ್ಟೇ ಹಳೆಯದು. ಚಕ್ರವರ್ತಿಗೆ ತೆರಿಗೆ ಕೊಡುವುದು ಧರ್ಮಸಮ್ಮತವೇ ಎಂದು ಕೇಳಿ ಯೇಸುಸ್ವಾಮಿಯನ್ನು ಸಿಕ್ಕಿಸಲು ಬಂದವರ ಪ್ರಸಂಗವನ್ನು ಸಂತ ಮತ್ತಾಯ, ಮಾರ್ಕ, ಲೂಕರು ಮೂವರೂ ಬರೆದಿದ್ದಾರೆ. ಪ್ರಭುವು ನಾಣ್ಯವೊಂದನ್ನು ತರಿಸಿ, ಅದರ ಮೇಲಿನ ಮುದ್ರೆಯನ್ನು ತೋರಿಸಿ, ಅರಸನಿಗೆ ಸಲ್ಲುವುದು ಯಾವುದು, ದೇವರಿಗೆ ಸಲ್ಲುವುದು ಯಾವುದು ಎಂಬುದನ್ನು ವಿಚಾರಿಸುವ ಹೊಣೆಯನ್ನು ಕೇಳಿದವರ ಮೇಲೆಯೇ ಹೊರಿಸಿದರು.

ಆ ಉತ್ತರದ ಅರ್ಥವೇನೆಂಬ ವಾದ ಇಂದಿಗೂ ಮುಗಿದಿಲ್ಲ. ಧರ್ಮ ಮತ್ತು ರಾಜ್ಯ ಎರಡು ಹೊಲಗಳು, ನಡುವೆ ಬದು ಇದೆ, ಒಂದರವರು ಇನ್ನೊಂದಕ್ಕೆ ಕಾಲಿಡಬಾರದೆಂದು ಕೆಲವರು ತಿಳಿದರು. ನಾಣ್ಯದ ಮೇಲೆ ಅರಸನ ಮುದ್ರೆಯಿದ್ದರೆ ಮನುಷ್ಯನ ಮೇಲೆ ದೇವರ ಮುದ್ರೆಯಿದೆ, ಆದ್ದರಿಂದ ಮನುಷ್ಯನನ್ನು ಮುಟ್ಟುವ ಯಾವ ರಾಜಕಾರ್ಯವೂ ಧರ್ಮದ ವಿಚಾರಣೆಗೆ ಹೊರಗಲ್ಲವೆಂದು ಬೇರೆಯವರು ವಾದಿಸಿದರು. ಸಂತ ಪೌಲರು ರೋಮನರಿಗೆ ಬರೆದ ಪತ್ರದ 13ನೆಯ ಅಧ್ಯಾಯದಲ್ಲಿ ರಾಜ್ಯಾಧಿಕಾರವನ್ನು ದೇವರ ಸೇವಕನೆಂದು ಕಂಡರೆ, ಪ್ರಕಟನಾ ಗ್ರಂಥದ 13ನೆಯ ಅಧ್ಯಾಯವು ದಬ್ಬಾಳಿಕೆಯ ಸಾಮ್ರಾಜ್ಯವನ್ನು ಕ್ರೂರಮೃಗವಾಗಿ ಚಿತ್ರಿಸುತ್ತದೆ. ಒಂದೇ ಪವಿತ್ರಗ್ರಂಥದಲ್ಲಿ ಎರಡು ಚಿತ್ರಗಳಿರುವಾಗ, ಒಂದು ವಾಕ್ಯವನ್ನು ಮಾತ್ರ ಕಿತ್ತು ಹಿಡಿದು ತೀರ್ಪು ಹೇಳುವುದು ಸಲ್ಲದು.

ನಮ್ಮ ಭಾಗದ ವಾಚಕರಿಗೆ ಇದು ಬರಿಯ ಗ್ರಂಥದ ವಾದವೂ ಅಲ್ಲ. 1980ರ ಜುಲೈ 21ರಂದು ಮಲಪ್ರಭಾ ಅಚ್ಚುಕಟ್ಟಿನ ರೈತರು ಅಭಿವೃದ್ಧಿ ಕರದ ವಿರುದ್ಧ ಎದ್ದು ನಿಂತು, ನರಗುಂದ ನವಲಗುಂದಗಳಲ್ಲಿ ಪ್ರಾಣಹಾನಿಯಾಯಿತು. ಸರಕಾರಕ್ಕೆ ಎಷ್ಟು ಸಲ್ಲುತ್ತದೆ, ಎಲ್ಲಿಗೆ ಅದರ ಹಕ್ಕು ನಿಲ್ಲುತ್ತದೆ ಎಂಬ ಮಾತು ಎಂಥ ಉರಿಯುವ ಮಾತೆಂಬುದನ್ನು ಈ ಎರೆಭೂಮಿಯ ಜನರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಈ ಪ್ರಶ್ನೆಯನ್ನು ಬಾಯಿಮಾತಿನಿಂದಲ್ಲದೆ ಬಾಳಿನಿಂದಲೇ ಎದುರಿಸಿದ ಕನ್ನಡ ನಾಡಿನ ಗುರುವೊಬ್ಬರ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲಾಗಿದೆ.

ಜೆರೋಮ್ ಡಿಸೋಜರು 1897ರ ಆಗಸ್ಟ್ 6ರಂದು ಮಂಗಳೂರಿನಲ್ಲಿ ಕಥೋಲಿಕ ಮನೆತನವೊಂದರಲ್ಲಿ ಜನಿಸಿದರು. ಸಂತ ಅಲೋಶಿಯಸ್ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಅವರು ಮುಂದೆ ತಿರುಚಿನಾಪಳ್ಳಿ ಮತ್ತು ಮದ್ರಾಸುಗಳಲ್ಲಿ ಉಚ್ಚ ಶಿಕ್ಷಣ ಪಡೆದು, ಯೌವನದಲ್ಲಿಯೇ ಯೇಸುಸಭೆಯನ್ನು ಸೇರಿದರು. ಯೂರೋಪಿನಲ್ಲಿ ದೈವಶಾಸ್ತ್ರವನ್ನು ಅಭ್ಯಸಿಸಿ ಗುರುದೀಕ್ಷೆ ಹೊಂದಿ ಮರಳಿದ ಬಳಿಕ ಅವರ ಕಾರ್ಯಕ್ಷೇತ್ರ ವಿದ್ಯಾಲಯವೇ ಆಯಿತು. ಉತ್ತಮ ವಾಗ್ಮಿಗಳೆಂದು ಹೆಸರು ಪಡೆದಿದ್ದ ಅವರು 1942ರಿಂದ 1950ರ ವರೆಗೆ ಮದ್ರಾಸಿನ ಲೊಯೋಲಾ ಕಾಲೇಜಿನ ಪ್ರಾಚಾರ್ಯರಾಗಿದ್ದರು.

ಆ ಎಂಟು ವರುಷಗಳ ನಡುವೆಯೇ ದೇಶದ ಕರೆ ಬಂದಿತು. 1946ರಲ್ಲಿ ಸಂವಿಧಾನ ಸಭೆಗೆ ಪ್ರಾಂತೀಯ ಶಾಸನಸಭೆಗಳು ಸದಸ್ಯರನ್ನು ಆರಿಸಿದಾಗ, ಮದ್ರಾಸ್ ಪ್ರಾಂತದಿಂದ ಕಾಂಗ್ರೆಸ್ಸಿನ ಬೆಂಬಲದಿಂದ ಅವರು ಆಯ್ಕೆಯಾದರು. ಆ ವರ್ಷ ಡಿಸೆಂಬರ್ 9ರಂದು ದಿಲ್ಲಿಯಲ್ಲಿ ಸೇರಿದ ಸಭೆಯಲ್ಲಿ ಗುರುವಸ್ತ್ರ ಧರಿಸಿದವರೊಬ್ಬರು ಕುಳಿತುದನ್ನು ಎಲ್ಲರೂ ಒಂದೇ ಬಗೆಯಾಗಿ ಕಂಡಿರಲಾರರು. ಆದರೆ ಸಭೆಯ ಕಾರ್ಯ ದಿನನಿತ್ಯದ ಪಕ್ಷರಾಜಕಾರಣವಾಗಿರಲಿಲ್ಲ. ಮುಂದಿನ ತಲೆಮಾರುಗಳೆಲ್ಲ ಬಾಳಬೇಕಾದ ಮನೆಗೆ ತಳಪಾಯ ಹಾಕುವುದಾಗಿತ್ತು. ದುರ್ಬಲರಿಗೆ ಆ ಮನೆಯಲ್ಲಿ ಎಡೆಯಿದೆಯೇ ಎಂದು ನೋಡುವುದು ಧರ್ಮಗುರುವಿನ ಕರ್ತವ್ಯಕ್ಕೆ ಹೊರತಾದುದಲ್ಲ.

ಅಲ್ಪಸಂಖ್ಯಾತರ ಮುಂದಿದ್ದ ದೊಡ್ಡ ಪ್ರಶ್ನೆ ಮೀಸಲು ಸ್ಥಾನಗಳದು. 1919ರ ಸುಧಾರಣೆಗಳಿಂದ ಮದ್ರಾಸಿನ ಭಾರತೀಯ ಕ್ರೈಸ್ತರಿಗೆ ಪ್ರತ್ಯೇಕ ಮತಕ್ಷೇತ್ರಗಳು ದೊರೆತಿದ್ದವು. ಕ್ರೈಸ್ತರು ಕ್ರೈಸ್ತರನ್ನೇ ಆರಿಸುತ್ತಿದ್ದರು. 1947ರ ಆಗಸ್ಟಿನಲ್ಲಿ ಸಭೆಯು ಪ್ರತ್ಯೇಕ ಮತಕ್ಷೇತ್ರಗಳನ್ನು ತೆಗೆದು, ಮೀಸಲು ಸ್ಥಾನಗಳನ್ನು ಮಾತ್ರ ಉಳಿಸಲು ಒಪ್ಪಿತು. 1949ರ ಮೇ ತಿಂಗಳಲ್ಲಿ, ಧಾರ್ಮಿಕ ಅಲ್ಪಸಂಖ್ಯಾತರಿಗೆ ಆ ಮೀಸಲೂ ಬೇಡವೆಂಬ ಸಲಹೆಯನ್ನು ಸರದಾರ ಪಟೇಲರು ಸಭೆಯ ಮುಂದಿಟ್ಟರು. ಬಂಗಾಲದ ಕ್ರೈಸ್ತ ಮುಖಂಡ ಎಚ್. ಸಿ. ಮುಖರ್ಜಿಯವರಂತೆ ಡಿಸೋಜರೂ ಅದನ್ನು ಬೆಂಬಲಿಸಿದರು. ಕೈಯಲ್ಲಿದ್ದುದನ್ನು ಬಿಟ್ಟುಕೊಟ್ಟು, ನೆರೆಯವರ ಸದ್ಭಾವನೆಯಲ್ಲಿಯೂ ಎಲ್ಲರಿಗೂ ಸಮವಾದ ಮೂಲಭೂತ ಹಕ್ಕುಗಳಲ್ಲಿಯೂ ಭರವಸೆಯಿಡುವ ಮಾರ್ಗವಿದು.

ಈ ತ್ಯಾಗದ ಬೆಲೆಯನ್ನು ಮರೆಮಾಚಬಾರದು. 1950ರ ಪರಿಶಿಷ್ಟ ಜಾತಿಗಳ ಆಜ್ಞೆಯು ಹಿಂದೂಗಳಿಗಷ್ಟೇ ಅನ್ವಯಿಸಿ, 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ವಿಸ್ತರಿಸಿತು. ಕ್ರೈಸ್ತ ದಲಿತರು ಅದರ ಹೊರಗೇ ಉಳಿದರು. ಅವರ ಮೊರೆ ಇನ್ನೂ ಬಗೆಹರಿದಿಲ್ಲ. ಸಮಾಜದ ಹೆಸರಿನಲ್ಲಿ ಮಾಡಿದ ತ್ಯಾಗದ ಭಾರ ಆ ಸಮಾಜದ ಬಡವರ ಮೇಲೆಯೇ ಹೆಚ್ಚಾಗಿ ಬೀಳುವುದುಂಟು ಎಂಬ ಎಚ್ಚರವೂ ಈ ಚರಿತ್ರೆಯಲ್ಲಿ ಅಡಗಿದೆ.

ಎರಡನೆಯ ಪ್ರಶ್ನೆ ಧರ್ಮಸ್ವಾತಂತ್ರ್ಯದ್ದು. ಧರ್ಮವನ್ನು ನಂಬುವುದು ಮತ್ತು ಆಚರಿಸುವುದರ ಜೊತೆಗೆ ಪ್ರಚಾರ ಮಾಡುವುದೂ ಹಕ್ಕೆಂದು ಇಂದಿನ 25ನೆಯ ಅನುಚ್ಛೇದ ಹೇಳುತ್ತದೆ. 1948ರ ಡಿಸೆಂಬರ್ 6ರಂದು ಆ ಪದ ಬೇಡವೆಂದು ಲೋಕನಾಥ ಮಿಶ್ರ ಮೊದಲಾದವರು ವಾದಿಸಿದರು. ಕ್ರೈಸ್ತರಲ್ಲದ ಕೆ. ಎಂ. ಮುನ್ಶಿ ಮತ್ತು ಟಿ. ಟಿ. ಕೃಷ್ಣಮಾಚಾರಿಯವರೇ ಎದ್ದು ಅದನ್ನು ಸಮರ್ಥಿಸಿದುದು ಸ್ಮರಣೀಯವಾದುದು. ಆದರೆ ಅರ್ಥವಿವಾದವು ಪವಿತ್ರಗ್ರಂಥಕ್ಕೆ ಮಾತ್ರವಲ್ಲ, ಸಂವಿಧಾನಕ್ಕೂ ಉಂಟು. 1977ರ ಜನವರಿಯಲ್ಲಿ ಸ್ಟ್ಯಾನಿಸ್ಲಾಸ್ ಮೊಕದ್ದಮೆಯ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಪ್ರಚಾರದ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲವೆಂದು ನಿರ್ಣಯಿಸಿತು.

ರಾಜ್ಯ ಮತ್ತು ಧರ್ಮಸಭೆಗಳ ಗಂಟು ಎಷ್ಟು ಸಿಕ್ಕಾಗಿತ್ತೆಂಬುದಕ್ಕೆ ಇನ್ನೊಂದು ನಿದರ್ಶನವುಂಟು. ಸ್ವಾತಂತ್ರ್ಯ ಬಂದ ಮೇಲೆಯೂ ಮಂಗಳೂರು, ಮುಂಬಯಿ ಮೊದಲಾದ ಕೆಲವು ಪೀಠಗಳಿಗೆ ಧರ್ಮಾಧ್ಯಕ್ಷರನ್ನು ನೇಮಿಸುವುದರಲ್ಲಿ ಪೋರ್ತುಗಾಲ ಸರಕಾರಕ್ಕೆ ಪಾದ್ರುವಾದೊ ಎಂಬ ಪುರಾತನ ಅಧಿಕಾರವಿತ್ತು. ಇದನ್ನು ಕೊನೆಗಾಣಿಸಲು ನೆಹರೂ ಸರಕಾರದ ಪರವಾಗಿ ವ್ಯಾಟಿಕನ್ನಿಗೆ ಮನವರಿಕೆ ಮಾಡಿಕೊಟ್ಟವರಲ್ಲಿ ಡಿಸೋಜರೂ ಒಬ್ಬರು. 1950ರ ಜುಲೈ ತಿಂಗಳ ಒಪ್ಪಂದದಿಂದ ಪೋರ್ತುಗಾಲವು ಆ ಹಕ್ಕನ್ನು ಬಿಟ್ಟುಕೊಟ್ಟಿತು. ಮೂರು ವರ್ಷಗಳಲ್ಲಿ, 1953ರಲ್ಲಿ, ಗೋವಾ ಮತ್ತು ಪುಣೆಗಳ ಭಾಗಗಳಿಂದ ಬೆಳಗಾವಿ ಧರ್ಮಪ್ರಾಂತ್ಯ ರಚಿತವಾಯಿತು. ಅಂದು ಧಾರವಾಡ ಜಿಲ್ಲೆಗೆ ಸೇರಿದ್ದು 1997ರಿಂದ ಗದಗ ಜಿಲ್ಲೆಯಲ್ಲಿರುವ ರೋಣ, ನರಗುಂದ, ಗಜೇಂದ್ರಗಡಗಳು ಈ ಪ್ರಾಂತ್ಯದ ಮಡಿಲಲ್ಲಿವೆ.

ಸಂವಿಧಾನದ ಕಾರ್ಯ ಮುಗಿದ ಮೇಲೆ ಡಿಸೋಜರು ಮಂತ್ರಿಪದವಿಯ ಬಾಗಿಲು ಕಾಯಲಿಲ್ಲ. 1951ರಲ್ಲಿ ಪುಣೆಯಲ್ಲಿ ಸಮಾಜ ಅಧ್ಯಯನದ ಸಂಸ್ಥೆಯೊಂದನ್ನು ಕಟ್ಟಿದರು. ಅದೇ ಮುಂದೆ ದಿಲ್ಲಿಗೆ ಸಾಗಿ ಇಂಡಿಯನ್ ಸೋಶಿಯಲ್ ಇನ್‌ಸ್ಟಿಟ್ಯೂಟ್ ಎಂದು ಪ್ರಸಿದ್ಧವಾಯಿತು. 1949ರಿಂದ 1957ರ ಅವಧಿಯಲ್ಲಿ ನಾಲ್ಕು ಬಾರಿ ವಿಶ್ವಸಂಸ್ಥೆಯ ಮಹಾಧಿವೇಶನಕ್ಕೆ ಭಾರತದ ನಿಯೋಗದಲ್ಲಿ ಹೋಗಿಬಂದರು. ಅನಂತರ ಸುಮಾರು ಒಂದು ದಶಕ ರೋಮಿನಲ್ಲಿ ಯೇಸುಸಭೆಯ ಮಹಾಶ್ರೇಷ್ಠರಿಗೆ ಸಲಹೆಗಾರರಾಗಿದ್ದರು. ಅವರು ಅಲ್ಲಿದ್ದಾಗಲೇ, 1965ರ ಡಿಸೆಂಬರ್ 7ರಂದು, ದ್ವಿತೀಯ ವ್ಯಾಟಿಕನ್ ಮಹಾಸಭೆಯು ರಾಜ್ಯ ಮತ್ತು ಧರ್ಮಸಭೆ ತಮ್ಮ ತಮ್ಮ ಕ್ಷೇತ್ರಗಳಲ್ಲಿ ಸ್ವತಂತ್ರವೆಂದೂ, ಮನುಷ್ಯನ ಮೂಲಹಕ್ಕುಗಳಿಗೆ ಧಕ್ಕೆ ಬಂದಾಗ ಧರ್ಮಸಭೆ ಮಾತನಾಡಬೇಕೆಂದೂ ಸಾರಿತು. 1977ರ ಆಗಸ್ಟ್ 12ರಂದು ಡಿಸೋಜರು ದೈವಾಧೀನರಾದರು. ಜನ್ಮಶತಾಬ್ದಿಯ ವರ್ಷವಾದ 1997ರಲ್ಲಿ ಭಾರತ ಸರಕಾರ ಅವರ ಹೆಸರಿನಲ್ಲಿ ಅಂಚೆಚೀಟಿ ಹೊರಡಿಸಿತು.

ಅವರ ಕಾಲದ ಬಳಿಕ ನಿಯಮಗಳು ಬಿಗಿಯಾದವು. 1980ರಲ್ಲಿ ಅಮೆರಿಕದ ಶಾಸಕರಾಗಿದ್ದ ಯೇಸುಸಭೆಯ ರಾಬರ್ಟ್ ಡ್ರಿನನ್ನರು ರೋಮಿನ ಆಜ್ಞೆಯಂತೆ ಮತ್ತೆ ಚುನಾವಣೆಗೆ ನಿಲ್ಲಲಿಲ್ಲ. 1983ರ ಧರ್ಮಸಭಾ ಸಂಹಿತೆ ಗುರುಗಳು ರಾಜ್ಯಾಧಿಕಾರದ ಪದವಿಗಳನ್ನು ವಹಿಸುವುದನ್ನು ನಿಷೇಧಿಸಿತು. ಹೀಗೆಂದು ಡಿಸೋಜರ ಬಾಳು ಅಪವಾದವಾಗಿ ಮೂಲೆಗೆ ಸರಿಯುವುದಿಲ್ಲ. ಗುರುಗಳು ಬಿಟ್ಟ ಆ ಸ್ಥಾನ ಈಗ ಶ್ರೀಸಾಮಾನ್ಯರಾದ ಭಕ್ತಜನರ ಹೊಣೆ. ತಮ್ಮವರಿಗೆ ಎಷ್ಟು ದಕ್ಕಿತೆಂದು ಎಣಿಸದೆ, ಎಲ್ಲರಿಗೂ ನ್ಯಾಯವಾಯಿತೇ ಎಂದು ಕೇಳುವುದು. ಕಾರ್ಯ ಮುಗಿದೊಡನೆ ಪೀಠ ಬಿಟ್ಟೇಳುವುದು: ನಾಣ್ಯದ ಪ್ರಸಂಗಕ್ಕೆ ಅವರ ಬಾಳು ಬರೆದ ಭಾಷ್ಯವಿದು. ಊರಿನಲ್ಲಿ ನಾಲ್ಕಾರು ಮನೆಗಳಷ್ಟೇ ಇರುವ ಸಮಾಜಕ್ಕೂ ಈ ಭಾಷ್ಯ ದಾರಿದೀಪವಾಗಬಲ್ಲದು.