ದ್ವಂದ್ವಗಳ ದ್ರಷ್ಟಾರ ವಿಲಿಯಂ ಬ್ಲೇಕ್

ಧರ್ಮಗಳ ಚರಿತ್ರೆಯಲ್ಲಿ ದ್ವಂದ್ವದ ವಿಚಾರವು ಎಲ್ಲೆಲ್ಲಿಯೂ ಕಂಡುಬರುತ್ತದೆ. ಬೆಳಕು ಮತ್ತು ಕತ್ತಲೆ, ನಿಯಮ ಮತ್ತು ಆವೇಶ, ಬುದ್ಧಿ ಮತ್ತು ಭಾವ: ಇವುಗಳಲ್ಲಿ ಒಂದನ್ನು ದೇವರ ಪಕ್ಷಕ್ಕೂ ಇನ್ನೊಂದನ್ನು ದೈತ್ಯರ ಪಕ್ಷಕ್ಕೂ ಸೇರಿಸಿ, ಮೊದಲನೆಯದೇ ಗೆಲ್ಲಲೆಂದು ಹಾರೈಸುವುದು ವಾಡಿಕೆ. ಆದರೆ ತಾಮ್ರದ ತಗಡುಗಳನ್ನು ಕೊರೆದು ಹೊಟ್ಟೆ ಹೊರೆಯುತ್ತಿದ್ದ ಲಂಡನ್ನಿನ ಕುಶಲಕರ್ಮಿಯೊಬ್ಬನು ಈ ವಾಡಿಕೆಗೆ ಒಪ್ಪದೆ ತನ್ನದೇ ಆದ ಒಂದು ಧರ್ಮವನ್ನು ಕಲ್ಪಿಸಿಕೊಂಡನು. ಆ ಧರ್ಮದಲ್ಲಿ ಪರಸ್ಪರ ವಿರುದ್ಧವಾದ ದೇವತೆಗಳಿದ್ದಾರೆ; ಅವರಲ್ಲಿ ಯಾರೂ ಸಾಯಬಾರದು, ಯಾರೂ ಒಬ್ಬರೇ ಆಳಬಾರದು. ಅದಕ್ಕೆ ಗುಡಿಯಿರಲಿಲ್ಲ, ಪುರೋಹಿತರಿರಲಿಲ್ಲ, ಅನುಯಾಯಿಗಳೂ ಇರಲಿಲ್ಲ. ಅದನ್ನು ಸೃಷ್ಟಿಸಿದ ವಿಲಿಯಂ ಬ್ಲೇಕನನ್ನು ಬದುಕಿದ್ದಾಗ ಜನ ಹುಚ್ಚನೆಂದರು. ಇಂದು ಆತನು ಆಂಗ್ಲ ಸಾಹಿತ್ಯದ ಮಹಾಕವಿಗಳ ಸಾಲಿನಲ್ಲಿದ್ದಾನೆ.

ಬ್ಲೇಕನು 1757ನೆಯ ಇಸವಿ ನವೆಂಬರ್ 28ರಂದು ಲಂಡನ್ನಿನ ಸೋಹೋ ಭಾಗದಲ್ಲಿ ಹುಟ್ಟಿದನು. ತಂದೆ ಕಾಲುಚೀಲ ಮೊದಲಾದ ಉಡುಪುಗಳನ್ನು ಮಾರುವ ವ್ಯಾಪಾರಿ. ಬಾಲಕನು ಎಲ್ಲರಂತೆ ಶಾಲೆಯಲ್ಲಿ ಓದಿದವನಲ್ಲ. ಹತ್ತನೆಯ ವಯಸ್ಸಿನಲ್ಲಿ ಚಿತ್ರಶಾಲೆಯನ್ನು ಸೇರಿದನು. ಪೆಕ್‌ಹ್ಯಾಂ ಎಂಬಲ್ಲಿ ಒಂದು ಮರದ ತುಂಬ ದೇವದೂತರು ಕುಳಿತಿರುವುದನ್ನು ಕಂಡೆನೆಂದು ಮನೆಗೆ ಬಂದು ಹೇಳಿ, ತಂದೆಯಿಂದ ಏಟು ತಿನ್ನುವುದು ತಾಯಿಯ ದಯೆಯಿಂದ ತಪ್ಪಿತೆಂಬ ಕಥೆಯಿದೆ. ಇಂಥ ದರ್ಶನಗಳು ಆತನಿಗೆ ಜೀವಮಾನವೆಲ್ಲ ಆಗುತ್ತಿದ್ದವು.

1772ರಲ್ಲಿ ತಂದೆಯು ಮಗನನ್ನು ಜೇಮ್ಸ್ ಬಸೈರ್ ಎಂಬ ಕೆತ್ತನೆಗಾರನ ಬಳಿ ಏಳು ವರ್ಷದ ಶಿಷ್ಯವೃತ್ತಿಗೆ ಬಿಟ್ಟನು. ಗುರುವು ಹುಡುಗನನ್ನು ವೆಸ್ಟ್‌ಮಿನ್‌ಸ್ಟರ್ ಮಂದಿರಕ್ಕೆ ಕಳುಹಿಸಿ ಅಲ್ಲಿದ್ದ ಹಳೆಯ ಅರಸರ ಸಮಾಧಿಗಳ ಚಿತ್ರ ಬರೆಸಿದನು. ಆ ಕಲ್ಲಿನ ಮೂರ್ತಿಗಳ ನಡುವೆ ಒಂಟಿಯಾಗಿ ಕಳೆದ ದಿನಗಳು ಬ್ಲೇಕನ ಕಲ್ಪನೆಗೆ ರೂಪ ಕೊಟ್ಟವು. ಮುಂದೆ ಆತನು ಬರೆದ ದೇವತೆಗಳ ಆಕೃತಿಗಳಲ್ಲಿ ಆ ಮೂರ್ತಿಗಳ ಗಾಂಭೀರ್ಯವನ್ನು ಈಗಲೂ ಕಾಣಬಹುದು.

1782ರ ಆಗಸ್ಟಿನಲ್ಲಿ ಆತನು ಕ್ಯಾಥರೀನ್ ಬೌಚರ್ ಎಂಬಾಕೆಯನ್ನು ವರಿಸಿದನು. ಆಕೆಗೆ ಅಕ್ಷರ ಬಾರದು. ವಿವಾಹದ ದಾಖಲೆಯಲ್ಲಿ ಸಹಿಯ ಬದಲು ಗುರುತು ಹಾಕಿದಳು. ಬ್ಲೇಕನು ಆಕೆಗೆ ಓದುಬರಹವನ್ನೂ ಅಚ್ಚಿನ ಕೆಲಸವನ್ನೂ ಕಲಿಸಿದನು. ಮಕ್ಕಳಿಲ್ಲದ ಆ ಮನೆಯಲ್ಲಿ ಗಂಡನು ತಗಡನ್ನು ಸಿದ್ಧಪಡಿಸಿದರೆ ಹೆಂಡತಿಯು ಅಚ್ಚೊತ್ತಲೂ ಬಣ್ಣ ತುಂಬಲೂ ನೆರವಾಗುತ್ತಿದ್ದಳು. ಈ ಸಹಾಯವಿಲ್ಲದಿದ್ದರೆ ಬ್ಲೇಕನ ಎಷ್ಟೋ ಗ್ರಂಥಗಳು ಹೊರಬರುತ್ತಿರಲಿಲ್ಲ.

1787ರಲ್ಲಿ ಆತನ ಪ್ರೀತಿಯ ತಮ್ಮ ರಾಬರ್ಟನು ತೀರಿಕೊಂಡನು. ಹಗಲಿರುಳು ಶುಶ್ರೂಷೆ ಮಾಡಿದ್ದ ಅಣ್ಣನಿಗೆ, ಸತ್ತ ತಮ್ಮನೇ ಕಾಣಿಸಿಕೊಂಡು ಗ್ರಂಥ ಮುದ್ರಣದ ಹೊಸ ವಿಧಾನವೊಂದನ್ನು ತಿಳಿಸಿದನಂತೆ. ತಾಮ್ರದ ತಗಡಿನ ಮೇಲೆ ಆಮ್ಲಕ್ಕೆ ಜಗ್ಗದ ದ್ರವದಿಂದ ಕವಿತೆಯನ್ನೂ ಚಿತ್ರವನ್ನೂ ಬರೆಯುವುದು. ಅಕ್ಷರಗಳನ್ನು ಕನ್ನಡಿಯಲ್ಲಿ ಕಾಣುವಂತೆ ತಿರುಗುಮುರುಗಾಗಿ ಬರೆಯಬೇಕು. ಆಮ್ಲವು ಉಳಿದ ಭಾಗವನ್ನು ತಿಂದಾಗ ಬರಹವು ಉಬ್ಬಿ ನಿಲ್ಲುತ್ತದೆ. ಅದಕ್ಕೆ ಮಸಿ ಹಚ್ಚಿ ಅಚ್ಚೊತ್ತಿ, ಪ್ರತಿ ಪುಟಕ್ಕೂ ಕೈಯಿಂದ ಬಣ್ಣ ತುಂಬುವುದು. ಹೀಗೆ ಕವಿ, ಚಿತ್ರಕಾರ, ಮುದ್ರಕ, ಪ್ರಕಾಶಕ ಎಲ್ಲವೂ ಆತನೇ ಆದನು. 1789ರಲ್ಲಿ ಮುಗ್ಧತೆಯ ಗೀತೆಗಳು ಹೊರಬಂದವು. 1794ರಲ್ಲಿ ಅವುಗಳಿಗೆ ಅನುಭವದ ಗೀತೆಗಳನ್ನು ಜೋಡಿಸಿ ಒಂದೇ ಸಂಪುಟ ಮಾಡಿದನು. ಅಲ್ಲಿ ಕುರಿಮರಿಗೆ ಎದುರಾಗಿ ಹುಲಿಯಿದೆ. ಎರಡನ್ನೂ ಒಂದೇ ಕೈ ಸೃಷ್ಟಿಸಿತೇ ಎಂಬ ಪ್ರಶ್ನೆಗೆ ಬ್ಲೇಕನು ಉತ್ತರ ಕೊಡುವುದಿಲ್ಲ. ಕುರಿಮರಿಯನ್ನು ಉಳಿಸಲೆಂದು ಹುಲಿಯನ್ನು ಹೊರಗಟ್ಟುವುದೂ ಇಲ್ಲ.

ಈ ನಡುವೆ ದಂಪತಿಗಳು ಸ್ವೀಡನ್ ದೇಶದ ಅನುಭಾವಿ ಸ್ವೀಡನ್‌ಬೋರ್ಗನ ಅನುಯಾಯಿಗಳು 1789ರಲ್ಲಿ ಕೂಡಿಸಿದ ಸಭೆಗೆ ಹೋಗಿದ್ದರು. ಆದರೆ ಆ ಮತವು ಬ್ಲೇಕನಿಗೆ ಬೇಗನೆ ಬೇಸರ ತಂದಿತು. ಅದಕ್ಕೆ ಉತ್ತರವಾಗಿ ಸ್ವರ್ಗ ನರಕಗಳ ವಿವಾಹ ಎಂಬ ಗದ್ಯಪದ್ಯಮಿಶ್ರಿತ ಕೃತಿಯನ್ನು ಸುಮಾರು 1790ರಲ್ಲಿ ಆರಂಭಿಸಿದನು. ಜನರು ಒಳಿತೆನ್ನುವುದು ಬುದ್ಧಿಯ ಸಂಯಮ, ಕೆಡುಕೆನ್ನುವುದು ಜೀವದ ಚೈತನ್ಯ. ಇವೆರಡೂ ಮನುಷ್ಯನಿಗೆ ಬೇಕು, ಇವುಗಳ ಘರ್ಷಣೆಯಿಲ್ಲದೆ ಬಾಳು ಮುಂದೆ ಸಾಗದು ಎಂಬುದು ಅದರ ಸಾರ. ಇಲ್ಲಿ ಒಂದು ಸೂಕ್ಷ್ಮವಿದೆ. ಬ್ಲೇಕನು ಬಯಸಿದ ಸಮತೋಲವು ಎರಡು ಪಕ್ಷಗಳೂ ಅಷ್ಟಷ್ಟು ಬಿಟ್ಟುಕೊಟ್ಟು ಮಾಡಿಕೊಳ್ಳುವ ರಾಜಿಯಲ್ಲ. ರಾಜಿಯಲ್ಲಿ ಇಬ್ಬರ ಕಸುವೂ ಕುಂದುತ್ತದೆ. ವಿರುದ್ಧವಾದವುಗಳು ತಮ್ಮ ಪೂರ್ಣ ಬಲದೊಡನೆ ಎದುರುಬದುರಾಗಿ ನಿಲ್ಲಬೇಕೆಂಬುದು ಆತನ ಮತ.

ಅಮೆರಿಕದ ಮತ್ತು ಫ್ರಾನ್ಸಿನ ಕ್ರಾಂತಿಗಳ ಆ ಕಾಲದಲ್ಲಿ ಬ್ಲೇಕನು ತನ್ನ ದೇವತೆಗಳಿಗೆ ಹೆಸರಿಟ್ಟನು. ಯುರಿಜೆನ್ ಎಂಬವನು ಬುದ್ಧಿಯ, ಶಾಸನದ ದೇವತೆ. ಬಿಳಿಯ ಗಡ್ಡದ ಮುದುಕ. ಓರ್ಕ್ ಎಂಬವನು ಬೆಂಕಿಯಂಥ ತರುಣ, ಬಂಡಾಯದ ದೇವತೆ. ಮೊದಮೊದಲು ಕವಿಯ ಒಲವೆಲ್ಲ ಓರ್ಕನ ಕಡೆಗೇ ಇದ್ದಿತು. ಆದರೆ ಫ್ರಾನ್ಸಿನ ಕ್ರಾಂತಿಯು ರಕ್ತಪಾತಕ್ಕೂ ಯುದ್ಧಕ್ಕೂ ತಿರುಗಿದ ಮೇಲೆ, ಬಂಡಾಯವೊಂದೇ ಆಳಿದರೂ ಅದು ಹೊಸ ದಬ್ಬಾಳಿಕೆಯೇ ಆಗುವುದೆಂಬ ಅರಿವು ಆತನ ಕಾವ್ಯದಲ್ಲಿ ಮೂಡಿತು.

ಈ ಅರಿವಿನ ಫಲವೇ ನಾಲ್ವರು ಜೋವಾಗಳ ಮಹಾಕಾವ್ಯ. 1797ರ ಸುಮಾರಿಗೆ ಆರಂಭವಾದ ಇದು ಹಸ್ತಪ್ರತಿಯಾಗಿಯೇ ಉಳಿಯಿತು. ಇದರ ಪ್ರಕಾರ ಆಲ್ಬಿಯನ್ ಎಂಬ ಆದಿಪುರುಷನೊಳಗೆ ನಾಲ್ಕು ಶಕ್ತಿಗಳಿವೆ: ಬುದ್ಧಿಯ ಯುರಿಜೆನ್, ಭಾವದ ಲೂವಾ, ದೇಹದ ಥಾರ್ಮಾಸ್, ಕಲ್ಪನೆಯ ಅರ್ಥೋನ. ಒಬ್ಬರು ಇನ್ನೊಬ್ಬರ ಸ್ಥಾನವನ್ನು ಕಸಿದುಕೊಂಡದ್ದೇ ಮನುಷ್ಯನ ಪತನಕ್ಕೆ ಕಾರಣ. ಕಾವ್ಯದ ಕೊನೆಯಲ್ಲಿ ಒಂದು ದೊಡ್ಡ ಸುಗ್ಗಿಯ ವರ್ಣನೆ ಬರುತ್ತದೆ. ಅಷ್ಟು ಹೊತ್ತು ದಬ್ಬಾಳಿಕೆ ಮಾಡಿದ ಯುರಿಜೆನ್‌ಗೆ ಅಲ್ಲಿ ಮರಣದಂಡನೆಯಿಲ್ಲ. ಅವನ ಕೈಗೆ ನೇಗಿಲು ಬರುತ್ತದೆ. ಅವನು ಉತ್ತು ಬಿತ್ತುತ್ತಾನೆ. ಥಾರ್ಮಾಸ್ ಕಾಳನ್ನು ತೂರುತ್ತಾನೆ. ಲೂವಾ ದ್ರಾಕ್ಷಿಯನ್ನು ತುಳಿಸುತ್ತಾನೆ. ಅರ್ಥೋನನು ಬೀಸಿ ರೊಟ್ಟಿ ಮಾಡುತ್ತಾನೆ. ಹೊಲಗದ್ದೆಗಳ ನಾಡಿನವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳುವವನನ್ನು ಓಡಿಸಿ ಅಡುಗೆಯವನು ಊಟ ಬಡಿಸಲಾರ.

ಕವಿಯ ಸ್ವಂತ ಬಾಳಿನಲ್ಲಿ ಇಂಥ ಸುಗ್ಗಿ ಬರಲಿಲ್ಲ. 1800ರಲ್ಲಿ ಹೇಲಿ ಎಂಬ ಸಾಹಿತಿಯ ಆಶ್ರಯದಲ್ಲಿ ಫೆಲ್‌ಪ್ಯಾಂ ಎಂಬ ಕಡಲತೀರದ ಹಳ್ಳಿಗೆ ಹೋದನು. 1803ರಲ್ಲಿ ತನ್ನ ತೋಟಕ್ಕೆ ಬಂದ ಸೈನಿಕನೊಬ್ಬನನ್ನು ಹೊರಗೆ ತಳ್ಳಿದ್ದಕ್ಕೆ ರಾಜದ್ರೋಹದ ಮಾತನಾಡಿದನೆಂಬ ಆಪಾದನೆ ಬಂದಿತು. ಮುಂದಿನ ಜನವರಿಯಲ್ಲಿ ಚಿಚೆಸ್ಟರ್ ನಗರದ ನ್ಯಾಯಸ್ಥಾನವು ಆತನನ್ನು ಬಿಡುಗಡೆ ಮಾಡಿತು. 1809ರಲ್ಲಿ ಸೋದರನ ಅಂಗಡಿಯಿದ್ದ ಮನೆಯಲ್ಲಿ ಹದಿನಾರು ಚಿತ್ರಗಳ ಪ್ರದರ್ಶನವನ್ನು ಏರ್ಪಡಿಸಿದನು. ಭಗವದ್ಗೀತೆಯನ್ನು 1785ರಲ್ಲಿ ಇಂಗ್ಲಿಷಿಗೆ ತಂದ ಚಾರ್ಲ್ಸ್ ವಿಲ್ಕಿನ್ಸನು ಬ್ರಾಹ್ಮಣ ಪಂಡಿತರೊಡನೆ ಕುಳಿತಿರುವ ಚಿತ್ರವೂ ಅವುಗಳಲ್ಲಿ ಒಂದು. ಅದು ಈಗ ಕಳೆದುಹೋಗಿದೆ. ನೋಡಲು ಬಂದವರು ಕೆಲವರೇ. ಬಂದ ಒಂದೇ ಒಂದು ಪತ್ರಿಕಾವಿಮರ್ಶೆಯು ಆತನನ್ನು ಮತಿಭ್ರಾಂತನೆಂದು ಜರೆಯಿತು.

ಬ್ಲೇಕನೂ ಸೌಮ್ಯನಾಗಿರಲಿಲ್ಲ. ಜಗತ್ತನ್ನೆಲ್ಲ ಅಳತೆಗೆ ಇಳಿಸಿದರೆಂದು ಬೇಕನ್, ಲಾಕ್, ನ್ಯೂಟನ್ ಮೂವರನ್ನೂ ಕಟುವಾಗಿ ಖಂಡಿಸುತ್ತಿದ್ದನು. 1795ರ ಪ್ರಸಿದ್ಧ ಚಿತ್ರದಲ್ಲಿ ನ್ಯೂಟನ್ನನು ಸುತ್ತಲಿನ ಸೊಬಗನ್ನು ಮರೆತು, ಕೈವಾರ ಹಿಡಿದು ನೆಲದತ್ತ ಬಾಗಿದ್ದಾನೆ. ಅದಕ್ಕೆ ಮುಂಚಿನ ವರ್ಷದ ಇನ್ನೊಂದು ಚಿತ್ರದಲ್ಲಿ ಅದೇ ಕೈವಾರವು ಯುರಿಜೆನ್ನನ ಕೈಯಲ್ಲಿದೆ. ಆದರೆ ನೂರು ತಗಡುಗಳ ‘ಜೆರೂಸಲೆಂ’ ಎಂಬ ಕೊನೆಯ ಮಹಾಕೃತಿಯು ಮುಗಿಯುವಾಗ, ಆ ಮೂವರೂ ಮಿಲ್ಟನ್, ಷೇಕ್ಸ್‌ಪಿಯರ್, ಚಾಸರ್ ಕವಿಗಳ ಜೊತೆಯಲ್ಲಿ ಸರಿಸಮನಾಗಿ ಸ್ವರ್ಗದಲ್ಲಿ ಕಾಣಿಸಿಕೊಳ್ಳುತ್ತಾರೆ. ತಾನು ಬೋಧಿಸಿದ ಧರ್ಮವನ್ನು ತನ್ನ ದ್ವೇಷಕ್ಕೇ ಅನ್ವಯಿಸಿಕೊಳ್ಳುವುದು ಸುಲಭದ ಸಾಧನೆಯಲ್ಲ.

ಕೊನೆಯ ವರ್ಷಗಳಲ್ಲಿ ಜಾನ್ ಲಿನೆಲ್ ಎಂಬ ಚಿತ್ರಕಾರನು ಆಸರೆಯಾದನು. ಬೈಬಲ್ಲಿನ ಯೋಬನ ಕಥೆಯ ಕೆತ್ತನೆಗಳು 1826ರಲ್ಲಿ ಪ್ರಕಟವಾದವು. ದಾಂತೆಯ ಕಾವ್ಯಕ್ಕೆ ಚಿತ್ರ ಬರೆಯಲೆಂದು ಮುದುಕನಾಗಿದ್ದಾಗ ಇಟಾಲಿಯನ್ ಭಾಷೆಯನ್ನು ಕಲಿತನು. 1827ರ ಆಗಸ್ಟ್ 12ರಂದು ಎರಡು ಕೋಣೆಗಳ ಮನೆಯಲ್ಲಿ ಆತನು ಕಣ್ಣುಮುಚ್ಚಿದನು. ಕೊನೆಯ ದಿನಗಳಲ್ಲಿ ಹಾಸಿಗೆಯಲ್ಲಿ ಒರಗಿಕೊಂಡು ಆತನು ಬಣ್ಣ ತುಂಬಿದ್ದು ಕೈವಾರ ಹಿಡಿದ ಆ ಹಳೆಯ ಯುರಿಜೆನ್ನನ ಚಿತ್ರಕ್ಕೆಂದೂ, ಅದನ್ನು ಮುಗಿಸಿ ಹೆಂಡತಿಯ ಮುಖವನ್ನು ಬರೆದನೆಂದೂ ಸಮಕಾಲೀನರು ಹೇಳಿದ್ದಾರೆ.

ದೇಹವನ್ನು ಬನ್‌ಹಿಲ್ ಫೀಲ್ಡ್ಸ್ ಸ್ಮಶಾನದಲ್ಲಿ ಹೆಸರಿಲ್ಲದ ಗುಂಡಿಯಲ್ಲಿ ಹೂಳಿದರು. 1863ರಲ್ಲಿ ಗಿಲ್‌ಕ್ರಿಸ್ಟನ ಜೀವನಚರಿತ್ರೆ ಹೊರಬಂದ ಮೇಲೆ ಜಗತ್ತು ನಿಧಾನವಾಗಿ ಆತನನ್ನು ಗುರುತಿಸಿತು. 1893ರಲ್ಲಿ ಕವಿ ಯೇಟ್ಸನು ಎಲ್ಲಿಸನೊಡನೆ ಆತನ ಕೃತಿಗಳನ್ನು ಸಂಪಾದಿಸಿದನು. ಹೂಳಿದ ನಿಜವಾದ ಜಾಗದ ಮೇಲೆ ಕಲ್ಲು ನಿಂತದ್ದು 2018ರಲ್ಲಿ.

ಬ್ಲೇಕನ ದೇವತೆಗಳಿಗೆ ಯಾರೂ ದೀಪ ಹಚ್ಚಲಿಲ್ಲ. ಆದರೂ ಅವರು ನಮಗೆ ಅಪರಿಚಿತರಲ್ಲ. ಲೆಕ್ಕ ಕೇಳುವ ಯುರಿಜೆನ್ನನೂ ಕಟ್ಟು ಹರಿಯುವ ಓರ್ಕನೂ ಓದುವ ಪ್ರತಿ ತರುಣನ ಎದೆಯಲ್ಲಿದ್ದಾರೆ. ಕಲಾವಿಭಾಗದವರು ವಿಜ್ಞಾನವನ್ನು ಒಣಪಾಂಡಿತ್ಯವೆಂದೂ ವಿಜ್ಞಾನದವರು ಕಾವ್ಯವನ್ನು ಕಾಲಹರಣವೆಂದೂ ಹಳಿಯುವುದು ಇನ್ನೂ ನಿಂತಿಲ್ಲ. ಅಂಥ ವಾದದ ನಡುವೆ, ನ್ಯೂಟನ್ನನನ್ನು ಷೇಕ್ಸ್‌ಪಿಯರನ ಪಕ್ಕದಲ್ಲಿ ತಂದು ನಿಲ್ಲಿಸಿದ ಈ ಬಡ ಕೆತ್ತನೆಗಾರನನ್ನು ನೆನೆಯುವುದು ಉಚಿತ. ಎದುರಾಳಿಯನ್ನು ಅಳಿಸಿಹಾಕುವುದಕ್ಕಿಂತ ಆತನಿಗೆ ತಕ್ಕ ಕೆಲಸವನ್ನು ಕೊಡುವುದು ಕಷ್ಟ. ಆದರೆ ಸುಗ್ಗಿ ಆಗುವುದು ಹಾಗೆ ಮಾತ್ರ.