ಚಮಚೆ ಮತ್ತು ಮೇಣದಬತ್ತಿಯಿಂದ ಕಿಡ್ನಿ ಕಾಯಿಲೆ ಗುರುತಿಸಿದ ರಿಚರ್ಡ್ ಬ್ರೈಟ್

ಕಿಡ್ನಿ ತೊಂದರೆ ಇರುವವರಿಗೆ ರಕ್ತ ಕಡಿಮೆಯಾದರೆ ಬೀಟ್ರೂಟ್, ದಾಳಿಂಬೆ ಜ್ಯೂಸ್ ಕುಡಿದರೆ ಸಾಕು ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಇದು ನಿಜವೇ? ಉತ್ತರಕ್ಕಾಗಿ ಇನ್ನೂರು ವರ್ಷ ಹಿಂದಿನ ಒಬ್ಬ ವೈದ್ಯರ ಬದುಕನ್ನು ನೋಡೋಣ.

ಯಾರು ಈ ಬ್ರೈಟ್?

ರಿಚರ್ಡ್ ಬ್ರೈಟ್ ಹುಟ್ಟಿದ್ದು 1789ರಲ್ಲಿ, ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ. ತಂದೆ ಸಿರಿವಂತ ವ್ಯಾಪಾರಿ. ಎಡಿನ್‌ಬರೋದಲ್ಲಿ ಓದುತ್ತಿದ್ದಾಗಲೇ 1810ರಲ್ಲಿ ಐಸ್‌ಲ್ಯಾಂಡ್‌ಗೆ ಸಂಶೋಧನಾ ಪ್ರವಾಸ ಹೋಗಿ ಬಂದರು. 1813ರಲ್ಲಿ ವೈದ್ಯ ಪದವಿ ಪಡೆದರು. ಆಮೇಲೆ ಹಂಗೇರಿ ಸುತ್ತಾಡಿ, 1818ರಲ್ಲಿ ಆ ಬಗ್ಗೆ ದೊಡ್ಡ ಪುಸ್ತಕ ಬರೆದರು. ಕಂಡದ್ದನ್ನು ಬರೆದಿಡುವ, ಚಿತ್ರ ಬಿಡಿಸುವ ಅಭ್ಯಾಸ ಅವರಿಗಿತ್ತು. 1820ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆ ಸೇರಿದ ಮೇಲೆ ಆ ಅಭ್ಯಾಸವೇ ಕೆಲಸಕ್ಕೆ ಬಂತು.

ಚಮಚೆಯಲ್ಲಿ ಸಿಕ್ಕ ಸುಳಿವು

ಆಗ ಮೈಯೆಲ್ಲ ಊದಿಕೊಂಡು ಆಸ್ಪತ್ರೆಗೆ ಬರುವವರು ಬಹಳ ಜನ. ಊತವನ್ನೇ ರೋಗ ಎಂದು ತಿಳಿಯುತ್ತಿದ್ದರು. ಬ್ರೈಟ್ ರೋಗಿಯ ಮೂತ್ರವನ್ನು ಚಮಚೆಯಲ್ಲಿ ಹಾಕಿ ಮೇಣದಬತ್ತಿಯ ಮೇಲೆ ಕಾಯಿಸಿದರು. ಕೆಲವರ ಮೂತ್ರ ಬೆಂದ ಮೊಟ್ಟೆಯ ಬಿಳಿಭಾಗದಂತೆ ಗಟ್ಟಿಯಾಗುತ್ತಿತ್ತು. ಅದು ಆಲ್ಬುಮಿನ್ ಎಂಬ ಪ್ರೋಟೀನ್. ಅಂಥವರು ತೀರಿಕೊಂಡಾಗ ಶವಪರೀಕ್ಷೆ ಮಾಡಿದರೆ ಕಿಡ್ನಿಗಳು ಹಾಳಾಗಿರುತ್ತಿದ್ದವು. ಊತ, ಮೂತ್ರದ ಪ್ರೋಟೀನ್, ಕೆಟ್ಟ ಕಿಡ್ನಿ ಈ ಮೂರನ್ನೂ ಜೋಡಿಸಿ 1827ರಲ್ಲಿ ಪ್ರಕಟಿಸಿದರು. ಮುಂದೆ ಬಹುಕಾಲ ಈ ಕಾಯಿಲೆಗೆ ಬ್ರೈಟ್ ಕಾಯಿಲೆ ಎಂದೇ ಹೆಸರಿತ್ತು.

ರಕ್ತ ಇಲ್ಲದವರಿಂದಲೇ ರಕ್ತ ತೆಗೆದರು

ಕಾಯಿಲೆ ಪತ್ತೆಯಾಯಿತು, ಮದ್ದು ಸಿಗಲಿಲ್ಲ. ಅಂದಿನ ಎಲ್ಲ ವೈದ್ಯರಂತೆ ಬ್ರೈಟ್ ಕೂಡ ಭೇದಿ ಮಾಡಿಸುತ್ತಿದ್ದರು, ರಕ್ತ ತೆಗೆಯುತ್ತಿದ್ದರು. ಈ ರೋಗಿಗಳ ರಕ್ತ ಬಣ್ಣ ಕಳೆದುಕೊಳ್ಳುತ್ತದೆ ಎಂದು ಎಡಿನ್‌ಬರೋದ ರಾಬರ್ಟ್ ಕ್ರಿಸ್ಟಿಸನ್ 1839ರಲ್ಲಿ ಬರೆದರು. ಏಕೆ ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. 1858ರಲ್ಲಿ ಬ್ರೈಟ್ ಹೃದಯದ ಕಾಯಿಲೆಯಿಂದ ತೀರಿಕೊಂಡರು.

ಕಾರಣ ತಿಳಿದದ್ದು 20ನೇ ಶತಮಾನದಲ್ಲಿ. ಕಿಡ್ನಿ ಬರೀ ಸೋಸುವ ಅಂಗವಲ್ಲ. ಅದು ಎರಿತ್ರೊಪೊಯೆಟಿನ್ ಎಂಬ ಹಾರ್ಮೋನ್ ತಯಾರಿಸುತ್ತದೆ. ಕೆಂಪು ರಕ್ತಕಣ ಮಾಡು ಎಂದು ಮೂಳೆಮಜ್ಜೆಗೆ ಹೇಳುವುದು ಇದೇ. ಕಿಡ್ನಿ ಸೋತರೆ ಆ ಸಂದೇಶವೂ ಕಡಿಮೆಯಾಗುತ್ತದೆ. ಈ ಹಾರ್ಮೋನಿನ ಇಂಜೆಕ್ಷನ್‌ಗೆ ಅಮೆರಿಕದಲ್ಲಿ 1989ರಲ್ಲಿ ಅನುಮತಿ ಸಿಕ್ಕಿತು.

ಹಾಗಾದರೆ ಜ್ಯೂಸ್?

ಜ್ಯೂಸ್ ಈ ಹಾರ್ಮೋನಿನ ಕೊರತೆ ತುಂಬುವುದಿಲ್ಲ. ಬದಲಿಗೆ ಬೀಟ್ರೂಟ್, ದಾಳಿಂಬೆಯಲ್ಲಿ ಪೊಟ್ಯಾಸಿಯಂ ಹೆಚ್ಚು. ಕಿಡ್ನಿ ತೀರಾ ದುರ್ಬಲವಾಗಿದ್ದರೆ ಅದು ರಕ್ತದಲ್ಲೇ ಉಳಿದು ಹೃದಯದ ಬಡಿತ ತಪ್ಪಿಸಬಹುದು. ವೈದ್ಯರು ಹಿಮೋಗ್ಲೋಬಿನ್, ಕಬ್ಬಿಣದ ಅಂಶ ಎರಡನ್ನೂ ನೋಡಿ ಕಬ್ಬಿಣದ ಮಾತ್ರೆ ಅಥವಾ ಇಂಜೆಕ್ಷನ್, ಬೇಕಾದರೆ ಹಾರ್ಮೋನ್ ಇಂಜೆಕ್ಷನ್ ಕೊಡುತ್ತಾರೆ. ಹಿಮೋಗ್ಲೋಬಿನ್ ಅತಿಯಾಗಿ ಏರಿಸಿದರೆ ಪಾರ್ಶ್ವವಾಯುವಿನ ಅಪಾಯವಿದೆ, ಆದ್ದರಿಂದ ಡೋಸ್ ಅವರೇ ನಿರ್ಧರಿಸಬೇಕು. ಬಿಪಿ, ಶುಗರ್ ಹಿಡಿತದಲ್ಲಿರಲಿ. ನೋವಿನ ಮಾತ್ರೆಗಳನ್ನು ಕೇಳದೆ ನುಂಗಬೇಡಿ.

ಬ್ರೈಟ್ ಅವರ ಚಮಚೆ ಪರೀಕ್ಷೆ ಇಂದು ಲ್ಯಾಬ್‌ನಲ್ಲಿ ಮೂತ್ರದ ಆಲ್ಬುಮಿನ್ ಪರೀಕ್ಷೆಯಾಗಿ ಉಳಿದಿದೆ. ಆರಂಭದಲ್ಲಿ ಕಿಡ್ನಿ ಕಾಯಿಲೆಗೆ ಸಾಮಾನ್ಯವಾಗಿ ನೋವೇ ಇರುವುದಿಲ್ಲ. ಮನೆಯಲ್ಲಿ ಸಕ್ಕರೆ ಕಾಯಿಲೆ, ಬಿಪಿ ಇರುವವರಿದ್ದರೆ ವರ್ಷಕ್ಕೊಮ್ಮೆ ಈ ಪರೀಕ್ಷೆಯನ್ನೂ ರಕ್ತದ ಕ್ರಿಯಾಟಿನಿನ್ ಪರೀಕ್ಷೆಯನ್ನೂ ಮಾಡಿಸಿ. ಜ್ಯೂಸ್ ಸಂದೇಶ ಬಂದ ಗ್ರೂಪಿಗೇ ಇದನ್ನೂ ಕಳುಹಿಸಿ.